ಗಾಳದ ಪುಸ್ತಕದ ಕೊನೆಯ ಅಧ್ಯಾಯ

ಮೊನ್ನೆ ಸಂಭಾಜಿನಗರದ ನಮ್ಮ ಮನೆಯಲ್ಲಿ ಚಪಾತಿಗೆ ಹಿಟ್ಟು ಕಲಸುತ್ತಿದ್ದೆ. ಇಂಗಿನ ಡಬ್ಬಿ ಕೈಜಾರಿ ಅದರೊಳಗೇ ಬಿತ್ತು. ಗೋಧಿಹಿಟ್ಟಿಗೆ ಇಂಗು ಬೆರೆತ ವಾಸನೆ ನಿಮಗೆ ಏನನ್ನು ನೆನಪಿಸುತ್ತದೋ ನಾನರಿಯೆ. ನನಗಂತೂ ದಾರಣಾ ನದಿಯ ದಂಡೆಯಲ್ಲಿ ಪಂಚೆ ಮೇಲಕ್ಕೆ ಕಟ್ಟಿ ಕೂತ ಅಪ್ಪ ಕಾಣುತ್ತಾರೆ.

ಎಪ್ಪತ್ತರ ದಶಕದ ಮೊದಲ ವರ್ಷಗಳವು. ನಾಸಿಕ್ ರೋಡ್ ಸ್ಟೇಷನ್ನಿನ ಎದುರು ಅಪ್ಪನ ಸಸ್ಯಾಹಾರಿ ಹೋಟೆಲಿತ್ತು. ಅಪ್ಪ ಹುಟ್ಟಿ ಬೆಳೆದದ್ದು ಕುಂದಾಪುರದ ಕಡೆ, ಸಮುದ್ರದ ಮಗ್ಗುಲಲ್ಲಿ. ಸಣ್ಣವರಿದ್ದಾಗ ಬಲೆ ಎಳೆಯುವುದನ್ನು ನೋಡಲು ಓಡಿಹೋಗುತ್ತಿದ್ದರಂತೆ. ಹೋಗಿ ಬಂದರೆ ಅಜ್ಜಿ ತಲೆಗೆ ನೀರು ಸುರಿಯದೆ ಒಳಗೆ ಬಿಡುತ್ತಿರಲಿಲ್ಲ. ಮೀನನ್ನು ನೋಡಿದ್ದು ಬಿಟ್ಟರೆ ಮುಟ್ಟಿದವರಲ್ಲ.

ಒಂದು ದಿನ ರೈಲಿನ ಅವಸರದಲ್ಲಿ ಯಾರೋ ಗಿರಾಕಿ ಮೇಜಿನ ಮೇಲೆ ಪುಸ್ತಕವೊಂದನ್ನು ಬಿಟ್ಟು ಹೋದರು. ಗಾಳ ಹಾಕಿ ಮೀನು ಹಿಡಿಯುವುದನ್ನು ಕಲಿಸುವ ಇಂಗ್ಲಿಷ್ ಪುಸ್ತಕ. ಅಪ್ಪ ಅದನ್ನು ಗಲ್ಲಾದ ಪಕ್ಕದಲ್ಲಿಟ್ಟು ಆರು ತಿಂಗಳು ಕಾದರು. ಯಾರೂ ಕೇಳಿಕೊಂಡು ಬರಲಿಲ್ಲ. ಅಷ್ಟರಲ್ಲಿ ಅದರ ಚಿತ್ರಗಳೆಲ್ಲ ಅವರಿಗೆ ಕಂಠಪಾಠವಾಗಿದ್ದವು. ಇಂಗ್ಲಿಷ್ ಅಕ್ಷರ ಮಾತ್ರ ಬಾರದು. ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದ ಹದಿನೈದರ ನನ್ನನ್ನು ಕರೆದು, ದಿನಕ್ಕೊಂದು ಪುಟ ಓದಿ ಹೇಳು ಅಂದರು.

ನನಗೆ ಇಂಗ್ಲಿಷ್ ಬರುತ್ತಿತ್ತು, ಮರಾಠಿ ಬಾಯಿತುಂಬ ಬರುತ್ತಿತ್ತು. ಕನ್ನಡ ಕಿವಿಗೆ ಬರುತ್ತಿತ್ತೇ ಹೊರತು ಬಾಯಿಗಲ್ಲ. ಕೊಕ್ಕೆಗೆ ಕನ್ನಡ ಗೊತ್ತಿಲ್ಲದೆ ನಾನು ಮರಾಠಿಯ 'ಗಳ' ಅಂದರೆ, ಅಪ್ಪ ಅದನ್ನೇ ಉದ್ದ ಎಳೆದು 'ಗಾಳ' ಅನ್ನುತ್ತಿದ್ದರು. ಹೀಗೆ ನೀರ ಮೇಲೆ ತೇಲುವ ಬೆಂಡು, ಕೊಕ್ಕೆಗೆ ಸಿಕ್ಕಿಸುವ ಎರೆ, ಮೀನು ಉಸಿರಾಡುವ ಕಿವಿರು ಎಲ್ಲ ಕಲಿತೆ. ನಾನು ಕನ್ನಡ ಕಲಿತದ್ದು ಮೀನಿನಿಂದ ಅಂದರೆ ಇವತ್ತಿಗೂ ನೆಂಟರು ನಗುತ್ತಾರೆ. ಎರೆಹುಳು ಚುಚ್ಚಬೇಕೆಂಬ ಪುಟ ಬಂದಾಗ ಅಪ್ಪ ಮುಖ ಸಿಂಡರಿಸಿದರು. ಅದರ ಬದಲು ಹಿಟ್ಟಿನುಂಡೆಗೆ ಇಂಗು ಸೇರಿಸಿದರು.

ಕೊನೆಯ ಅಧ್ಯಾಯ ಬಂತು. ಹಿಡಿದ ಮೀನನ್ನು ಹೇಗೆ ಕೊಯ್ಯಬೇಕು, ಹೇಗೆ ಹುರಿಯಬೇಕು ಎಂಬುದೇ ಅದರ ತುಂಬ. ನಾನು ಒಂದು ಗಳಿಗೆ ತಡವರಿಸಿ, "ಕೈ ಒದ್ದೆ ಮಾಡಿಕೊಂಡು ಮೀನನ್ನು ಮೆಲ್ಲಗೆ ವಾಪಸ್ ನೀರಿಗೆ ಬಿಡಬೇಕಂತೆ" ಅಂದೆ.

"ಹಾಗಂತ ಬರೆದಿದ್ದಾರಾ?"

"ಹ್ಞೂಂ."

ಅಪ್ಪ ಬಹಳ ಸಮಾಧಾನದಿಂದ ಪುಸ್ತಕ ಮುಚ್ಚಿದರು.

ಹೋಟೆಲಿಗೆ ಸೋಮವಾರ ರಜೆ. ಅಪ್ಪ ಬಿದಿರಿನ ಕೋಲು ಹಿಡಿದು ದಾರಣೆಗೆ ಹೋಗತೊಡಗಿದರು. ಎರಡು ತಿಂಗಳು ನಿರಾಳವಾಗಿ ನಡೆಯಿತು. ಆಮೇಲೆ, ನಮ್ಮಲ್ಲಿ ದಿನಾ ಉಪ್ಪಿಟ್ಟು ತಿನ್ನುತ್ತಿದ್ದ ನಿವೃತ್ತ ಮೇಷ್ಟ್ರು, ನಾವೆಲ್ಲ ಗುರೂಜಿ ಎನ್ನುತ್ತಿದ್ದವರು, ಸೇತುವೆಯ ಮೇಲಿಂದ ಅಪ್ಪನ ಕೈಯಲ್ಲಿ ಮೀನು ಕಂಡರು. ಮಾರನೆಯ ದಿನದಿಂದ ಅವರು ಬರಲಿಲ್ಲ. ವಾರದೊಳಗೆ ಅವರ ಜೊತೆಯ ನಾಲ್ಕು ಜನರೂ ಬರುವುದನ್ನು ನಿಲ್ಲಿಸಿದರು. ನಮ್ಮ ಅಡುಗೆಮನೆಯಲ್ಲಿ ಮೀನು ಬೇಯುತ್ತದೆಂದು ಪೇಟೆಯಲ್ಲಿ ಮಾತು ಹಬ್ಬಿತು. ಅಮ್ಮ ಅಪ್ಪನ ಜೊತೆ ಮಾತು ಬಿಟ್ಟಳು. ನಾನು ಪುಸ್ತಕವನ್ನು ಟ್ರಂಕಿನಡಿ ಬಚ್ಚಿಟ್ಟೆ, ತಪ್ಪೆಲ್ಲ ನನ್ನದೇ ಎಂಬಂತೆ.

ಅಪ್ಪ ಜಗಳಕ್ಕೆ ಹೋಗಲಿಲ್ಲ. ಗುರೂಜಿಯ ಮನೆಗೇ ಹೋಗಿ, ಸೋಮವಾರ ನದಿಗೆ ಬನ್ನಿ, ಆಮೇಲೆ ಏನು ಬೇಕಾದರೂ ಅನ್ನಿ ಎಂದು ಕೇಳಿಕೊಂಡರು. ಅಮ್ಮನಿಗೂ ಬಾ ಅಂದರು. ಆ ಸೋಮವಾರ ನಾವು ನಾಲ್ವರೂ ದಂಡೆಯಲ್ಲಿ ಕೂತೆವು. ಗುರೂಜಿ ಕೊಡೆ ಬಿಚ್ಚಿ ಸಾಕ್ಷಿಯ ಹಾಗೆ ದೂರ ಕೂತರು. ಎರಡು ತಾಸು ಏನೂ ಆಗಲಿಲ್ಲ. ಆಮೇಲೆ ಬೆಂಡು ಮುಳುಗಿತು. ಅಪ್ಪ ಕೈ ಒದ್ದೆ ಮಾಡಿಕೊಂಡರು, ಗಾಳ ಬಿಡಿಸಿದರು, ಗೇಣುದ್ದದ ಮೀನನ್ನು ಮಗುವಿಗೆ ಸ್ನಾನ ಮಾಡಿಸುವಂತೆ ನೀರಿನಲ್ಲಿ ಹಿಡಿದು ಬಿಟ್ಟರು. ಅದು ಒಂದು ಕ್ಷಣ ಅಲ್ಲೇ ನಿಂತು, ಆಮೇಲೆ ಹೋಯಿತು.

ಅಮ್ಮ ವಾರದ ಮೇಲೆ ಮೊದಲ ಸಲ ಮಾತಾಡಿದಳು. "ಇಷ್ಟಕ್ಕಾ ನೀವು ಬೆಳಿಗ್ಗೆಯಿಂದ ಕೂತುಕೊಳ್ಳುವುದು?"

ಗುರೂಜಿ ಕೊಡೆ ಮಡಚಿ ಹತ್ತಿರ ಬಂದರು. ಬೆಂಡು ಮುಳುಗುವುದು ನಿಮಗೆ ಮೊದಲೇ ಹೇಗೆ ಗೊತ್ತಾಗುತ್ತದೆ ಎಂದು ಮರಾಠಿಯಲ್ಲಿ ಕೇಳಿದರು. ಮರುದಿನ ಉಪ್ಪಿಟ್ಟಿಗೆ ಬಂದರು. ಮರುವಾರ ತಮ್ಮದೇ ಒಂದು ಕೋಲು ತಂದರು.

ನನ್ನ ಮದುವೆ ಗೊತ್ತಾದ ವರ್ಷ, ಸುಳ್ಳು ಹೊತ್ತುಕೊಂಡು ಹೋಗಬಾರದೆಂದು ಕೊನೆಯ ಅಧ್ಯಾಯದ ಸಂಗತಿಯನ್ನು ಅಪ್ಪನಿಗೆ ಹೇಳಿದೆ. ಅವರು ಚಿಲ್ಲರೆ ಜೋಡಿಸುತ್ತಿದ್ದವರು ತಲೆ ಎತ್ತಲಿಲ್ಲ.

"ಅಲ್ಲಿ ಬಾಣಲೆಯ ಚಿತ್ರ ಇತ್ತಲ್ಲ, ಮಗಾ. ನನಗೆ ಇಂಗ್ಲಿಷ್ ಬರುವುದಿಲ್ಲ, ಸರಿ. ಹೋಟೆಲಿನವನಿಗೆ ಬಾಣಲೆ ಗೊತ್ತಾಗುವುದಿಲ್ಲವಾ?"

ಮತ್ತೆ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ. ನೀನು ಹೇಳಿದ್ದೇ ಚೆನ್ನಾಗಿತ್ತು ಅಂದರು.

ಅಪ್ಪ ಹೋಗಿ ಬಹಳ ಕಾಲವಾಯಿತು. ಅಮ್ಮನಿಗೆ ಈಗ ತೊಂಬತ್ತರ ಹತ್ತಿರ. ನಾಸಿಕ್ ರೋಡಿನಲ್ಲೇ ನನ್ನ ತಮ್ಮನ ಸಂಸಾರದ ಜೊತೆ ಗಟ್ಟಿಮುಟ್ಟಾಗಿದ್ದಾಳೆ. ಹಿಟ್ಟು ಹಾಳಾದ ದಿನವೇ ಫೋನು ಮಾಡಿ ಇದನ್ನೆಲ್ಲ ನೆನಪಿಸಿದೆ. ನಗುತ್ತಾ ಕೇಳಿಸಿಕೊಂಡಳು. ಆಮೇಲೆ ಅಂದಳು:

"ಆ ದಿನ ಕೋಲನ್ನು ನಾನೂ ಒಮ್ಮೆ ಹಿಡಿಯಬೇಕು ಅನ್ನಿಸಿತ್ತು. ಬೇಕಾ ಅಂತ ನೀವು ಯಾರೂ ಕೇಳಲೇ ಇಲ್ಲ."

ಐವತ್ತು ವರ್ಷ ಈ ಕತೆಯನ್ನು ಹತ್ತಾರು ಜನರಿಗೆ ರಸವತ್ತಾಗಿ ಹೇಳಿಕೊಂಡು ಬಂದವಳು ನಾನು. ಅದರಲ್ಲಿ ಅಮ್ಮ ಬರೀ ಸಿಟ್ಟಾಗುವವಳು.

ನಿನ್ನೆ ಇಲ್ಲಿಯ ಅಂಗಡಿಯಲ್ಲಿ ಗಾಳದ ಕೋಲು ಕೇಳಿದೆ. ಯಾರಿಗೆ ಅಂದ ಅಂಗಡಿಯವ. ನಮ್ಮ ಅಮ್ಮನಿಗೆ ಅಂದೆ. ನನ್ನ ಬಿಳಿಕೂದಲು ನೋಡಿ ಅವನು ಸ್ವಲ್ಪ ಲೆಕ್ಕ ಹಾಕಿದಂತೆ ಕಂಡಿತು. ಆಮೇಲೆ ಎಲ್ಲಕ್ಕಿಂತ ಹಗುರವಾದದ್ದನ್ನು ಹುಡುಕಿ ಕೊಟ್ಟ. ಸೋಮವಾರ ಬೆಳಗಿನ ರೈಲಿಗೆ ಹೊರಡುತ್ತಿದ್ದೇನೆ.