ಸೆಕ್ರೆಟರಿಯ ದನಿಯಲ್ಲಿ ಒಂದು ಆರ್ಡರ್

ಮಾಟುಂಗದ ಹಳೆಯ ಬಿಲ್ಡಿಂಗೊಂದರ ಹಿಂದೆ, ಅಡುಗೆಮನೆಗಳ ಕೊಳೆನೀರು ಕಟ್ಟಿಕೊಂಡ ಪೈಪನ್ನು ಬಿಚ್ಚಿ ಅದರ ಕೆಳಗೆ ಕೂತಿದ್ದೆ. ಮೇಲಿನವರು ಅರ್ಧ ಗಂಟೆ ನಲ್ಲಿ ಮುಚ್ಚಿದ್ದರೆ ಕೆಲಸ ಮುಗಿಯುತ್ತಿತ್ತು. "ನೀರು ಬಿಡ್ಬೇಡಿ!" ಎಂದು ಎಷ್ಟು ಕೂಗಿದರೂ ಪ್ಲಂಬರನ ಮಾತು ಯಾರಿಗೆ ಬೇಕು? ಎರಡು ಸಲ ಹಳಸಿದ ಸಾರು, ಒಂದು ಸಲ ಸೋಪಿನ ನೊರೆ ನನ್ನ ತಲೆಗೇ ಬಿತ್ತು.

ಕೊನೆಗೆ ಬಿಲ್ಡಿಂಗಿನ ಸೊಸೈಟಿ ಸೆಕ್ರೆಟರಿಯ ಮೂಗಿನ ದನಿ ತೆಗೆದು ಗದರಿದೆ: "ಯಾರಾದ್ರೂ ನಲ್ಲಿ ತಿರುಗಿಸಿದ್ರೆ ಫೈನ್ ಹಾಕ್ತೀನಿ, ಹುಷಾರ್!"

ಇಡೀ ಬಿಲ್ಡಿಂಗಿನ ನಲ್ಲಿಗಳೆಲ್ಲ ಬಂದ್. ನಾನು ಬೀಗುತ್ತಾ ಪೈಪಿಗೆ ಕೈ ಹಾಕಿದೆ. ಆಗಲೇ ಮೂರನೇ ಮಹಡಿಯಿಂದ ಸೆಕ್ರೆಟರಿಯ ಹೆಂಡತಿ ಕೂಗಿದರು: "ರೀ, ನಿಮ್ಮ ಜೋರೆಲ್ಲ ಬಿಲ್ಡಿಂಗಿನವರ ಹತ್ರ ಇಟ್ಕೊಳ್ಳಿ, ನನ್ನ ಅಡುಗೆಮನೇಲಿ ಬೇಡ!"

ಹೆಂಡತಿಯೇ ನಂಬುವಷ್ಟು ಪಕ್ಕಾ ಮಿಮಿಕ್ರಿ! ಹಿಂದೆಯೇ ಅಕ್ಕಿ ತೊಳೆದ ನೀರು ನನ್ನ ನೆತ್ತಿಗೆ ಇಳಿಯಿತು.