ಮೂರನೇ ಗೇರಿಗೆ ಕೊಟ್ಟ ಮೊಣಕಾಲು

ಮೇಸ್ತ್ರಿಯ ಷೆಡ್ಡಿಗೆ ಯಾವ ಹಳೇ ಮಿಲಿಟರಿ ಗಾಡಿ ಬಂದರೂ ಮೊದಲ ಒಂದು ವಾರ ಅದಕ್ಕೆ ಬೈಗುಳದ ಸ್ವಾಗತ. ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ಗಾಡಿಯ ಸುತ್ತ ತಿರುಗುತ್ತ, ಬದುಕಿದ್ದಾರೋ ಸತ್ತಿದ್ದಾರೋ ಗೊತ್ತಿಲ್ಲದ ಅದರ ಡ್ರೈವರುಗಳನ್ನೆಲ್ಲ ಎದುರಿಗೆ ನಿಲ್ಲಿಸಿಕೊಂಡವನಂತೆ ತರಾಟೆಗೆ ತೆಗೆದುಕೊಳ್ಳುತ್ತಿದ್ದ. "ಯಾವ ಪುಣ್ಯಾತ್ಮ ಇಲ್ಲಿಗೆ ತಂತಿ ಸುತ್ತಿದ್ದು? ಸೀಟಿನೊಳಗೆ ಗೋಣಿಚೀಲ ತುರುಕಿದ ಮಹಾನುಭಾವ ಯಾರು?" ಬೈದು ಮುಗಿದ ಮೇಲೆ ತಂತಿ, ಗೋಣಿ, ತಗಡಿನ ತೇಪೆ ಎಲ್ಲವನ್ನೂ ಕಿತ್ತು ಮೂಲೆಯಲ್ಲಿದ್ದ ಡ್ರಮ್ಮಿಗೆ ಎಸೆಯುವುದು. ಡ್ರಮ್ಮು ತುಂಬಿದಾಗ ಗುಜರಿಯವನು ಬಂದು ಒಯ್ಯುವುದು. ಮೂವತ್ತೆಂಟು ವರ್ಷದಿಂದ ಅವನ ಪದ್ಧತಿ ಅದೇ.

ಅವನ ಹಟವೂ ಒಂದೇ. ಕಾರ್ಖಾನೆಯ ಗೇಟು ದಾಟಿ ಹೊರಬಂದ ದಿನ ಗಾಡಿ ಹೇಗಿತ್ತೋ ಈಗಲೂ ಹಾಗೇ ಆಗಬೇಕು. ಅದಕ್ಕೆಂದೇ ಎಲ್ಲೆಲ್ಲಿಂದಲೋ ಹುಡುಕಿ ತಂದ ಹಳೇ ಕೈಪಿಡಿಗಳನ್ನು ಅವನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟಿದ್ದ. ಅವುಗಳನ್ನು ಮುಟ್ಟುವ ಮೊದಲು ಸೋಪು ಹಾಕಿ ಕೈ ತೊಳೆಯುತ್ತಿದ್ದ. ಅನ್ನಕ್ಕೆ ಕೂರುವಾಗ ಅಷ್ಟು ತೊಳೆಯುತ್ತಿರಲಿಲ್ಲ. ಹಸಿರು ಬಣ್ಣ ಒಂದು ಚೂರು ಹಳದಿಗೆ ಹೊರಳಿದರೂ ಪೂರ್ತಿ ಕೆರೆದು ಮತ್ತೆ ಬಳಿಯುತ್ತಿದ್ದ. ಜೀಪು, ಲಾರಿ ಸಂಗ್ರಹಿಸುವ ಶ್ರೀಮಂತರು ವರ್ಷಗಟ್ಟಲೆ ಕಾದು ಅವನಿಂದಲೇ ಕೆಲಸ ಮಾಡಿಸಿಕೊಳ್ಳುತ್ತಿದ್ದರು. ಮದುವೆ ಅಂತ ಒಂದು ಅವನಿಗೆ ಆಗಲಿಲ್ಲ. "ಕಬ್ಬಿಣದ ಜೊತೆ ಸಂಸಾರ ಮಾಡೋನಿಗೆ ಹೆಣ್ಣು ಯಾರು ಕೊಡ್ತಾರೆ" ಎಂದು ಅತ್ತಿಗೆ ನಗುತ್ತಿದ್ದಳು, ಬಡಿಸುತ್ತಲೂ ಇದ್ದಳು. ಅಣ್ಣ ಅತ್ತಿಗೆಯ ಮನೆಯೇ ಅವನ ಮನೆ.

ಅಣ್ಣ ಇಪ್ಪತ್ತೆರಡು ವರ್ಷ ಸೈನ್ಯದಲ್ಲಿ ಲಾರಿ ಓಡಿಸಿದವನು. ಅದರಲ್ಲಿ ಹನ್ನೊಂದು ವರ್ಷ ಒಂದೇ ಲಾರಿ, ಒಂದೇ ಹಿಮದ ಗುಡ್ಡದ ದಾರಿ. ಆ ಲಾರಿಯ ಕತೆಗಳನ್ನು ಊಟದ ಹೊತ್ತಿಗೆ ಹೇಳಿ ಹೇಳಿ ಮನೆಯವರ ತಲೆ ತಿಂದಿದ್ದ. ಮೂರನೇ ಗೇರು ನಿಲ್ಲುತ್ತಿರಲಿಲ್ಲ, ಹಾಕಿದ ತಕ್ಷಣ ಹಾರಿ ಹೊರಬರುತ್ತಿತ್ತು. ಅದಕ್ಕೇ ಗುಡ್ಡ ಹತ್ತುವಷ್ಟು ದೂರ ಎಡ ಮೊಣಕಾಲನ್ನು ಗೇರಿನ ಸಲಾಕೆಗೆ ಒತ್ತಿ ಹಿಡಿದಿರಬೇಕಿತ್ತು. ಬಾಗಿಲಿನ ಹಿಡಿ ಮುರಿದು ತಂತಿಯ ಕೊಕ್ಕೆ ಕಟ್ಟಿದ್ದ. ಚಳಿಗೆ ಕಾಲು ಮರಗಟ್ಟುತ್ತದೆಂದು ಕಾಲಡಿಯ ತಗಡಿಗೆ ತಾನೇ ತೂತು ಕೊರೆದು, ಅದರ ಮೇಲೆ ಬಿಸ್ಕತ್ತು ಡಬ್ಬದ ಮುಚ್ಚಳ ಕೂರಿಸಿದ್ದ. ಪಾದದಿಂದ ಮುಚ್ಚಳ ಸರಿಸಿದರೆ ಎಂಜಿನ್ನಿನ ಬಿಸಿ ಗಾಳಿ ಕಾಲಿಗೆ ಬರುತ್ತಿತ್ತು.

"ನಿಂದೇನು ಗಾಡಿನಾ? ತಂತಿ ಅಂಗಡಿ" ಎನ್ನುತ್ತಿದ್ದ ಮೇಸ್ತ್ರಿ.

"ಲೋ ಪುಟ್ಟ, ಪುಸ್ತಕ ನೋಡ್ಕೊಂಡು ರಿಪೇರಿ ಮಾಡೋನು ನೀನು. ಯಾರ ಗಾಡಿಗೆ ಬೇಕಾದ್ರೂ ಕೈ ಹಾಕು, ನನ್ನ ಗಾಡಿಗೆ ಮಾತ್ರ ನಿನ್ನ ಕೈ ತಾಗಬಾರದು ನೋಡು" ಎನ್ನುತ್ತಿದ್ದ ಅಣ್ಣ.

ಅರವತ್ತು ದಾಟಿದ ಮೇಸ್ತ್ರಿಯನ್ನು ಪುಟ್ಟ ಎನ್ನುವವನು ಭೂಮಿಯ ಮೇಲೆ ಅವನೊಬ್ಬನೇ. ಊಟಕ್ಕೆ ಕೂತಾಗಲೂ ಅಣ್ಣನ ಎಡಗಾಲು ಪಕ್ಕಕ್ಕೆ ಚಾಚಿಕೊಂಡೇ ಇರುತ್ತಿತ್ತು. ಅತ್ತಿಗೆ ದಿನಕ್ಕೆರಡು ಸಲ ಅದನ್ನು ಎಡವಿ, "ಈ ಕಾಲಿಗೊಂದು ಗೇಟು ಹಾಕಿಸ್ಬೇಕು" ಎಂದು ಗೊಣಗುತ್ತಿದ್ದಳು.

ಅಂಥ ಅಣ್ಣ ಮರೆಯತೊಡಗಿದ. ಮೊದಲು ಕನ್ನಡಕ, ಬೀಗದ ಕೈ. ಆಮೇಲೆ ಪಕ್ಕದ ಮನೆಯವರು. ಒಂದು ಬೆಳಿಗ್ಗೆ ಮೇಸ್ತ್ರಿ ಕಾಫಿ ಲೋಟ ಹಿಡಿದು ಬಂದು ಪಕ್ಕದಲ್ಲಿ ಕೂತರೆ, ಅಣ್ಣ ಸರಿದು ಜಾಗ ಕೊಟ್ಟು, "ನೀವು ಯಾರನ್ನ ನೋಡಕ್ಕೆ ಬಂದ್ರಿ?" ಎಂದ. ತಮಾಷೆ ಎಂದುಕೊಂಡು ಮೇಸ್ತ್ರಿ ನಕ್ಕ. ಅಣ್ಣ ನಗಲಿಲ್ಲ. ಆ 'ನೀವು' ಮೇಸ್ತ್ರಿಯ ಎದೆಗೆ ನಾಟಿದಷ್ಟು ಅವನ ಜನ್ಮದಲ್ಲಿ ಯಾರ ಬೈಗುಳವೂ ನಾಟಿರಲಿಲ್ಲ. ಬೈಸಿಕೊಂಡಿದ್ದರೆ ಎಷ್ಟೋ ವಾಸಿ ಅನ್ನಿಸಿತು. ಮುಂದೆ ಉಗುರಿನ ಗ್ರೀಸು ನೋಡಿಯೋ ಏನೋ, ಅಣ್ಣ ಅವನನ್ನು 'ಮೇಸ್ತ್ರಿಗಳೇ' ಎಂದು ಕರೆಯತೊಡಗಿದ. ಹೆಂಡತಿಯನ್ನು ಒಮ್ಮೊಮ್ಮೆ ಗುರುತಿಸುತ್ತಿದ್ದ, ತಮ್ಮನನ್ನು ಇಲ್ಲವೇ ಇಲ್ಲ. ಆದರೆ ದಿನಾ ಎದ್ದ ಕೂಡಲೇ ಕೇಳುವುದು ಒಂದೇ ಮಾತು: "ನನ್ನ ಗಾಡಿ ಎಲ್ಲಿ?"

ಯಾರದೋ ಜೀಪಿಗೆ ರೇಡಿಯೇಟರ್ ಹುಡುಕುತ್ತ ಮೇಸ್ತ್ರಿ ಒಂದು ದಿನ ಸೈನ್ಯದ ಹಳೇ ಗಾಡಿಗಳ ಹರಾಜಿನ ಅಂಗಳಕ್ಕೆ ಹೋಗಿದ್ದ. ಗಿಡಗಂಟಿಯ ನಡುವೆ ಹನ್ನೆರಡು ಲಾರಿಗಳು ಮಂಡಿಯೂರಿ ನಿಂತಿದ್ದವು. ಅಭ್ಯಾಸದ ಮೇಲೆ ಒಂದೊಂದರ ಚಾಸಿಯನ್ನೂ ಒರೆಸಿ ನಂಬರು ಓದುತ್ತ ಬಂದವನು ಏಳನೆಯದರ ಹತ್ತಿರ ಗಕ್ಕನೆ ನಿಂತ. ಅಣ್ಣನ ಸೈನ್ಯದ ಹಳೇ ಪುಸ್ತಕದಲ್ಲಿ ಬರೆದಿದ್ದ, ಕತೆಗಳಲ್ಲಿ ನೂರು ಸಲ ಕೇಳಿದ್ದ ಅದೇ ನಂಬರು. ಮೂರು ಸಲ ಒರೆಸಿ ಓದಿದ. ಆಮೇಲೆ ಅಲ್ಲೇ ಹುಲ್ಲಿನ ಮೇಲೆ ಕೂತ.

ಡಾಕ್ಟರನ್ನು ಕೇಳಿದರೆ, "ಹೇಳಕ್ಕಾಗಲ್ಲ. ಹಳೇದೇನಾದ್ರೂ ಕಣ್ಣಿಗೆ ಬಿದ್ರೆ ಒಂದೊಂದ್ಸಲ ನೆನಪು ಎದ್ದು ಬರುತ್ತೆ" ಎಂದರು. ಅಷ್ಟು ಸಾಕಾಯಿತು, ಲಾರಿಯನ್ನು ಹರಾಜಿನಲ್ಲಿ ಕೊಂಡು ಷೆಡ್ಡಿಗೆ ಎಳೆಸಿ ತಂದ. ಅಣ್ಣ ವಾಸಿಯಾಗಲಿ ಎಂದು ಆಸೆ ಪಡುವಷ್ಟು ದಡ್ಡನಲ್ಲ ಅವನು. ಆ ಸೀಟಿನಲ್ಲಿ ಕೂತು ಒಂದೇ ಒಂದು ಸಲ 'ಲೋ ಪುಟ್ಟ' ಅಂದರೆ ಸಾಕು ಅನ್ನುವುದಷ್ಟೇ ಅವನ ಲೆಕ್ಕ.

ಉಳಿದ ಗಾಡಿಗಳನ್ನೆಲ್ಲ ಬದಿಗೊತ್ತಿ ಹದಿನಾಲ್ಕು ತಿಂಗಳು ದುಡಿದ. ಬೇರೆಯವರ ಗಾಡಿಗೇ ಅಷ್ಟು ಮಾಡುವವನು ಅಣ್ಣನ ಗಾಡಿಗೆ ಬಿಡುತ್ತಾನೆಯೇ? ಗೇರ್ ಪೆಟ್ಟಿಗೆ ಬಿಚ್ಚಿ, ಸವೆದ ಹಲ್ಲು, ಸತ್ತ ಸ್ಪ್ರಿಂಗು ಎಲ್ಲ ತೆಗೆದು ಹೊಸದು ಹಾಕಿದ. ಅಣ್ಣ ಪಟ್ಟ ಪಾಡು ಸಾಕು, ಇನ್ನು ಇದು ಎಳೆದರೂ ಹಾರಬಾರದು ಎಂದುಕೊಂಡ. ಬಾಗಿಲಿಗೆ ಅಸಲಿ ಹಿಡಿ ಹುಡುಕಿ ತಂದ. ಕಾಲಡಿಯ ತಗಡು ತುಕ್ಕು ಹಿಡಿದು ಜರಡಿಯಾಗಿತ್ತು. ಅದನ್ನು ಇಡೀ ಕತ್ತರಿಸಿ ಹೊಸ ತಗಡು ಬೆಸೆದ. ಬಾಗಿಲ ತಂತಿಯನ್ನು ಕಟಿಂಗ್ ಪ್ಲೇಯರಿನಲ್ಲಿ ಕತ್ತರಿಸುವಾಗ ಅದರತ್ತ ಸರಿಯಾಗಿ ನೋಡಲೂ ಇಲ್ಲ. "ತಂತಿ ಅಂಗಡಿ" ಎಂದು ನಕ್ಕು ಡ್ರಮ್ಮಿಗೆ ಹಾಕಿದ. ಡ್ರಮ್ಮು ಮೂರು ಸಲ ತುಂಬಿತು, ಗುಜರಿಯವನು ಮೂರು ಸಲ ಒಯ್ದ.

ಕೆಲಸ ಮುಗಿದ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅತ್ತಿಗೆ ಅಣ್ಣನಿಗೆ ಇಸ್ತ್ರಿ ಮಾಡಿದ ಅಂಗಿ ಹಾಕಿ ಷೆಡ್ಡಿಗೆ ಕರೆತಂದಳು. ಲಾರಿ ಹೊಳೆಯುತ್ತಿತ್ತು. ಅಣ್ಣ ಅದರ ಮುಂದೆ ನಿಂತ, ಬಂಪರು ಸವರಿದ, ಯಾರೂ ಹೇಳದೆಯೇ ಡ್ರೈವರಿನ ಕಡೆಗೆ ನಡೆದ. ಬಾಗಿಲ ಬಳಿ ಅಣ್ಣನ ಬಲಗೈ ಹಿಡಿಯನ್ನು ಬಿಟ್ಟು ಅದರ ಕೆಳಕ್ಕೆ ಹೋಯಿತು. ಎರಡು ಬೆರಳು ಅಲ್ಲಿ ಏನನ್ನೋ ತಡಕಿದವು. ಸಿಗಲಿಲ್ಲ, ಮತ್ತೆ ತಡಕಿದವು. ಮೇಸ್ತ್ರಿಯೇ ಹಿಡಿ ತಿರುಗಿಸಿ ಬಾಗಿಲು ತೆಗೆದ.

ಅಣ್ಣ ಹತ್ತಿ ಕೂತ. ಎಡಪಾದ ನೆಲದ ತಗಡಿನ ಮೇಲೆ ಮುಂದಕ್ಕೂ ಹಿಂದಕ್ಕೂ ಸರಿದಾಡಿತು. ನಯವಾದ ಹೊಸ ತಗಡಿನಲ್ಲಿ ಅದಕ್ಕೆ ಏನೂ ತಾಗಲಿಲ್ಲ. ಮೇಸ್ತ್ರಿಗೆ ಆಗ ಗೊತ್ತಾಯಿತು. ಅಯ್ಯೋ, ಇದನ್ನೆಲ್ಲ ಇವನೇ ನನಗೆ ನೂರು ಸಲ ಹೇಳಿದ್ದನಲ್ಲ ಎಂದುಕೊಂಡ. ಅಣ್ಣ ಮೂರನೇ ಗೇರು ಹಾಕಿದ. ಎಡ ಮೊಣಕಾಲು ತಾನಾಗಿಯೇ ಹೋಗಿ ಸಲಾಕೆಗೆ ಒರಗಿತು. ಸಲಾಕೆ ಅಲುಗಲಿಲ್ಲ. ಅಣ್ಣ ಮೊಣಕಾಲು ತೆಗೆದು ನೋಡಿದ. ಆಗಲೂ ಅಲುಗಲಿಲ್ಲ. ಷೆಡ್ಡಿನ ಕಂಬಕ್ಕೆ ಒರಗಿ ನಿಂತಿದ್ದ ಅತ್ತಿಗೆ ಆ ಕಾಲನ್ನೇ ನೋಡುತ್ತಿದ್ದಳು. ಇಷ್ಟು ವರ್ಷ ತಾನು ಎಡವಿ ಗೊಣಗಿದ ಕಾಲು ಯಾಕೆ ಹಾಗೆ ಚಾಚಿಕೊಂಡಿತ್ತೆಂದು ಅವಳಿಗೂ ಈಗಲೇ ತಿಳಿದದ್ದು.

"ಇದು ನನ್ನ ಗಾಡಿ ಅಲ್ಲ" ಎಂದ ಅಣ್ಣ.

"ನಿಮ್ದೇ ರೀ. ನಂಬರ್ ನೋಡಿ ಬೇಕಾದ್ರೆ" ಎಂದಳು ಅತ್ತಿಗೆ.

"ಚೆನ್ನಾಗಿದೆ. ಯಾರದೋ ಒಳ್ಳೇ ಗಾಡಿ. ಇಳಿಸಿ ನನ್ನ, ಅವ್ರು ನೋಡಿದ್ರೆ ಬೈತಾರೆ."

ಮೇಸ್ತ್ರಿ ಮಾರನೆಯ ದಿನವೇ ಗುಜರಿಯವನ ಹತ್ತಿರ ಓಡಿದ. "ತಂತಿ ತುಂಡು, ಡಬ್ಬದ ಮುಚ್ಚಳ ಕೇಳ್ಕೊಂಡು ಬಂದಿದೀರಲ್ಲ ಮೇಸ್ತ್ರಿ, ಆರೋಗ್ಯ ಸರಿ ಇದೆ ತಾನೇ? ಅದೆಲ್ಲ ಕರಗಿ ಯಾವ ಮನೆಗೆ ಕಂಬಿಯಾಗಿದೆಯೋ" ಎಂದು ಅವನು ನಕ್ಕ. ತಪ್ಪು ಅವನದಲ್ಲ, ಬೈಯುವುದಕ್ಕೂ ದಾರಿ ಇರಲಿಲ್ಲ.

ಜೀವನದಲ್ಲಿ ಮೊದಲ ಸಲ ಮೇಸ್ತ್ರಿ ಚೆನ್ನಾಗಿದ್ದ ಗಾಡಿಯನ್ನು ಕೆಡಿಸಲು ಕೂತ. ಹೊಸ ತಗಡಿಗೆ ತೂತು ಕೊರೆದ. ಅತ್ತಿಗೆ ತನ್ನ ಬಿಸ್ಕತ್ತು ಡಬ್ಬದ ಮುಚ್ಚಳ ಕೊಟ್ಟಳು. ಗೇರಿನ ಸ್ಪ್ರಿಂಗನ್ನು ಕತ್ತರಿಸಿ ಸಡಿಲ ಮಾಡಿದ. ಬಾಗಿಲಿಗೆ ತಂತಿ ಕಟ್ಟಲು ಹೋದರೆ ಕೊಕ್ಕೆ ಯಾವ ಕಡೆಗೆ ಬಾಗಿತ್ತೆಂಬುದೇ ನೆನಪಿಗೆ ಬರಲಿಲ್ಲ. ಆರು ನಮೂನೆಯಲ್ಲಿ ಬಗ್ಗಿಸಿ ನೋಡಿ ಒಂದನ್ನು ಕಟ್ಟಿದ. ಮುಚ್ಚಳವನ್ನು ಉಪ್ಪುಕಾಗದದಿಂದ ಉಜ್ಜಿದ. ಹನ್ನೊಂದು ಚಳಿಗಾಲ ಒಂದು ಪಾದ ಉಜ್ಜಿದ್ದನ್ನು ತಾನು ಒಂದೇ ವಾರದಲ್ಲಿ ಉಜ್ಜಲು ಹೊರಟಿದ್ದೇನೆ ಅನ್ನಿಸಿ, ಮುಚ್ಚಳವನ್ನು ತೊಡೆಯ ಮೇಲಿಟ್ಟುಕೊಂಡು ಅತ್ತ. ಆಮೇಲೆ ಮತ್ತೆ ಉಜ್ಜಿದ. ಸುಮ್ಮನೆ ಕೂರುವುದಾದರೂ ಹೇಗೆ?

ಮುಂದಿನ ಭಾನುವಾರ ಅಣ್ಣನನ್ನು ಮತ್ತೆ ಹತ್ತಿಸಿದರು. ಕೊಕ್ಕೆಯನ್ನು ಅಣ್ಣ ಮುಟ್ಟಲಿಲ್ಲ. ಒಳಗೆ ಪಾದ ಸರಿದಾಡಿ ಮುಚ್ಚಳಕ್ಕೆ ತಾಗಿ ನಿಂತಿತು. ಒಮ್ಮೆ ಆಚೆ ದೂಡಿತು, ಒಮ್ಮೆ ಈಚೆ ಎಳೆಯಿತು. ಮೂರನೇ ಗೇರು ಹಾಕಿ ಮೊಣಕಾಲು ಒತ್ತಿದ. ಬಾಗಿಲ ಬಳಿ ನಿಂತ ಮೇಸ್ತ್ರಿ ಅಣ್ಣನ ತುಟಿಯನ್ನೇ ನೋಡುತ್ತಿದ್ದ. ಅಣ್ಣ ಸುತ್ತಮುತ್ತ ಕಣ್ಣಾಡಿಸಿ, ಗುಟ್ಟು ಹೇಳುವವನಂತೆ ಬೆರಳಿನಿಂದ ಅವನನ್ನು ಹತ್ತಿರ ಕರೆದ. ಮೇಸ್ತ್ರಿ ಕಿವಿಗೊಟ್ಟ.

"ಮೇಸ್ತ್ರಿಗಳೇ, ಪುಟ್ಟ ಅಂತ ನನಗೊಬ್ಬ ತಮ್ಮ ಇದಾನೆ. ಇದೇ ಕೆಲಸ ಅವನದ್ದೂ. ತುಂಬಾ ಒಳ್ಳೇವ್ನು, ಆದ್ರೆ ಕೈಗೆ ಸಿಕ್ಕಿದ್ದನ್ನೆಲ್ಲ ಹೊಸದು ಮಾಡಿಬಿಡ್ತಾನೆ. ನನ್ನ ಗಾಡಿ ಸಿಕ್ಕಿದ್ರೆ ಅವನಿಗೆ ಮಾತ್ರ ಹೇಳ್ಬೇಡಿ. ನೀವು ಸ್ವಲ್ಪ ನೋಡ್ಕೊಳ್ಳಿ."

ನಾನೇ ಕಣೋ ಅದು ಎನ್ನಲು ಮೇಸ್ತ್ರಿ ಬಾಯಿ ತೆರೆದ. ಅಣ್ಣ ನಂಬಿಕೆಯಿಂದ ಅವನ ಮುಖವನ್ನೇ ನೋಡುತ್ತಿದ್ದ.

"ಆಗಲಿ, ನೋಡ್ಕೋತೀನಿ" ಎಂದ ಮೇಸ್ತ್ರಿ.

ಅಣ್ಣ ಸಮಾಧಾನದಿಂದ ತಲೆಯಾಡಿಸಿ, ಮೊಣಕಾಲನ್ನು ಮತ್ತೆ ಗೇರಿಗೆ ಒತ್ತಿಕೊಂಡು ಕೂತ.