ಚಿಂದಿ ಅಕ್ಕ ಕತ್ತರಿಸಿದ ಕೋಟು

ಬೀದಿಯವರೆಲ್ಲ ಅವಳನ್ನು ಚಿಂದಿ ಅಕ್ಕ ಎಂದೇ ಕರೆಯುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಆಮೇಲಾಮೇಲೆ ಎದುರಿಗೇ ಶುರುವಾಯಿತು. ಅವಳಿಗೆ ಅದರಿಂದ ಬೇಸರವೇನೂ ಆಗಲಿಲ್ಲ. ಮೊಣಕಾಲು ಹರಿದ ಪ್ಯಾಂಟು ಅವಳ ಮನೆಯ ಹೊಸ್ತಿಲು ದಾಟಿದರೆ ಸ್ಕೂಲ್ ಬ್ಯಾಗಾಗಿ ಹೊರಬರುತ್ತಿತ್ತು. ಬಣ್ಣ ಹೋದ ಪರದೆ ಪುಟ್ಟ ಹುಡುಗಿಯ ನೆರಿಗೆ ಲಂಗವಾಗುತ್ತಿತ್ತು. ಕೈಕಾಲು ಮುರಿದ ಗೊಂಬೆ ಹೊಸ ಕೈಕಾಲು, ಹೊಸ ಅಂಗಿ, ಕೆಲವು ಸಲ ಹೊಸ ಮುಖವನ್ನೇ ಪಡೆದು ಮನೆಗೆ ಮರಳುತ್ತಿತ್ತು.

ಇದಕ್ಕೂ ಮೊದಲು ಹನ್ನೊಂದು ವರ್ಷ ಅವಳು ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಅಂಗಿಗಳಿಗೆ ಎಡತೋಳು ಕೂರಿಸಿದ್ದಳು. ಎಡತೋಳು ಮಾತ್ರ. ಬಲತೋಳು ಪಕ್ಕದ ಮೆಷಿನ್ನಿನವಳದ್ದು. ಒಂದು ಅಂಗಿ ಹುಟ್ಟುವುದನ್ನು ಮೊದಲಿನಿಂದ ಕೊನೆಯವರೆಗೆ ಅವಳು ಕಣ್ಣಾರೆ ಕಂಡೇ ಇರಲಿಲ್ಲ. ಕಾರ್ಖಾನೆ ಬಾಗಿಲು ಮುಚ್ಚಿದಾಗ, ಫ್ಯಾನು ಮಿಕ್ಸಿ ರಿಪೇರಿ ಮಾಡುವ ಅವಳ ಗಂಡ ಎಲ್ಲಿಂದಲೋ ಹಳೆಯ ಮೆಷಿನ್ನೊಂದನ್ನು ಹೊತ್ತು ತಂದ. ಅದಕ್ಕೆ ಮೋಟಾರು ಕೂರಿಸಿ ಮುಂದಿನ ಕೋಣೆಯ ಕಿಟಕಿಯ ಬಳಿ ಇಟ್ಟು, "ಇನ್ಮೇಲೆ ಎರಡೂ ತೋಳು ನಿಂದೇ" ಎಂದ. ಮಾತು ಕಡಿಮೆಯ ಮನುಷ್ಯ. ಅವನು ಆ ವರ್ಷ ಆಡಿದ ದೊಡ್ಡ ಮಾತು ಅದೇ ಇರಬೇಕು.

ಅವಳ ಕೆಲಸಕ್ಕೆ ಜೊತೆ ಅತ್ತೆ. ಅತ್ತೆಗೆ ಎಪ್ಪತ್ತು ದಾಟಿತ್ತು. ಮಂಡಿ ಕೈಕೊಟ್ಟಿತ್ತು, ನಾಲಿಗೆ ಕೈಕೊಟ್ಟಿರಲಿಲ್ಲ. ಕುರ್ಚಿಯಲ್ಲಿ ಕೂತು, ಅರ್ಧ ಬ್ಲೇಡು ಹಿಡಿದು, ಹಳೆಯ ಬಟ್ಟೆಗಳ ಹೊಲಿಗೆ ಬಿಚ್ಚುವುದು ಅವರ ಪಾಲಿನ ಕೆಲಸ. ಬಟ್ಟೆಯ ಒಂದು ಎಳೆಯೂ ಕಿತ್ತುಬರದಂತೆ ಬಿಚ್ಚುತ್ತಿದ್ದರು. ಗುಂಡಿಗಳನ್ನು ಬಣ್ಣವಾರು ಡಬ್ಬಿಗಳಿಗೆ ಹಾಕುತ್ತಿದ್ದರು. "ನಮ್ಮನೇಲಿ ಅತ್ತೆ ಬಿಚ್ಚೋದು, ಸೊಸೆ ಹೊಲಿಯೋದು. ಬೇರೆ ಮನೆಗಳಲ್ಲಿ ಬರೀ ಬಿಚ್ಚೋದೇ ನಡೆಯತ್ತೆ" ಎಂದು ಬಂದವರಿಗೆಲ್ಲ ಹೇಳಿ ತಾವೇ ನಗುತ್ತಿದ್ದರು.

ಎರಡು ಬೀದಿ ಆಚೆಯ ಶಿಶುವಿಹಾರದ ಟೀಚರ್ ಒಂದು ಸಂಜೆ ಎರಡು ಚೀಲ ಹೊತ್ತು ಬಂದಳು. ಒಂದರಲ್ಲಿ ಮಕ್ಕಳು ಎಳೆದಾಡಿ ಹಾಳುಮಾಡಿದ್ದ ಆಟಿಕೆಗಳಿದ್ದವು. ಕಿವಿಯಿಲ್ಲದ ಕರಡಿ, ಹೊಟ್ಟೆ ಒಡೆದ ಮೊಲ, ಒಂದೇ ಚಕ್ರ ಉಳಿದ ಕುದುರೆ. ಇನ್ನೊಂದರಲ್ಲಿ ಅವಳ ಮನೆಯ ಹಳೆಯ ಬಟ್ಟೆ. ಶಿಶುವಿಹಾರಕ್ಕೆ ಹೊಸದೊಂದು ಕೋಣೆ ಸೇರಿತ್ತು, ಮಧ್ಯಾಹ್ನ ಮಕ್ಕಳು ಅಲ್ಲೇ ಮಲಗುವ ಏರ್ಪಾಡು. ಒಂದೊಂದು ಮಗುವಿಗೂ ತಬ್ಬಿಕೊಂಡು ಮಲಗಲು ಒಂದೊಂದು ಬಟ್ಟೆಯ ಪ್ರಾಣಿ ಬೇಕು, ಹದಿನೆಂಟು ಮಕ್ಕಳು, ಶುಕ್ರವಾರಕ್ಕೆ ಆಗಬೇಕು ಎಂದಳು. ಚಿಂದಿ ಅಕ್ಕ ಒಪ್ಪಿಕೊಂಡಳು. ಇಂಥ ಕೆಲಸ ಸಿಕ್ಕರೆ ಅವಳಿಗೆ ಹಸಿವು ನಿದ್ದೆ ಎರಡೂ ಮರೆತುಹೋಗುತ್ತಿತ್ತು.

ಬಟ್ಟೆಯ ಚೀಲದ ತಳದಲ್ಲಿ ಒಂದು ಕೋಟು ಸಿಕ್ಕಿತು. ಗಾಢ ನೀಲಿ ಉಣ್ಣೆಯ ಕೋಟು. ಎಡ ಭುಜ ಸವೆದು ಹೊಳೆಯುತ್ತಿತ್ತು, ಮೊಣಕೈ ತೆಳ್ಳಗಾಗಿತ್ತು. ಉಳಿದಂತೆ ಬಟ್ಟೆ ಗಟ್ಟಿಮುಟ್ಟಾಗಿತ್ತು. ಅದನ್ನು ಮುಟ್ಟಿದ ಕೂಡಲೇ ಅವಳ ಕಣ್ಣ ಮುಂದೆ ಆನೆಗಳ ಸಾಲೇ ನಿಂತಿತು. ಅತ್ತೆ ಬ್ಲೇಡು ಹಿಡಿದು ಬಿಚ್ಚತೊಡಗಿದವರು ಮೇಲಿನಿಂದ ಎರಡನೆಯ ಗುಂಡಿಯ ಬಳಿ ನಿಲ್ಲಿಸಿದರು.

"ಈ ಗುಂಡೀನ ಮೊನ್ನೆ ಮೊನ್ನೆ ಹಾಕಿದ್ದಾರೆ ಕಣೆ. ದಾರ ನೋಡು, ಇನ್ನೂ ಹೊಳೀತಾ ಇದೆ."

"ಇರಬಹುದು ಅತ್ತೆ. ಕೊಡೋ ಮುಂಚೆ ಹಾಕಿಸಿರ್ತಾರೆ."

"ಬಿಸಾಕೋ ಕೋಟಿಗೆ ಯಾರೇ ಗುಂಡಿ ಹಾಕ್ತಾರೆ? ಒಂದು ಮಾತು ಕೇಳಬಾರದಾ?"

ಫೋನು ಮೆಷಿನ್ನಿನ ಪಕ್ಕದಲ್ಲೇ ಇತ್ತು. ಕೇಳೋಣ ಅಂದುಕೊಂಡಳು. ಅಷ್ಟರಲ್ಲಿ ಮೊಲದ ಹೊಟ್ಟೆಗೆ ಹತ್ತಿ ತುಂಬುವುದು ಅರ್ಧಕ್ಕೆ ನಿಂತಿತ್ತು, ಬಾಬಿನ್ನಿನಲ್ಲಿ ದಾರ ಮುಗಿದಿತ್ತು. ಆಮೇಲೆ ಕೇಳಿದರಾಯಿತು ಎಂದು ಬಿಟ್ಟವಳು ಮರೆತೇಬಿಟ್ಟಳು. ಮರುದಿನ ಬೆಳಿಗ್ಗೆ ಕೋಟಿನ ಭಾಗಗಳನ್ನು ಮೇಜಿನ ಮೇಲೆ ಹರಡಿ, ಸೀಮೆಸುಣ್ಣದಿಂದ ಗುರುತು ಹಾಕಿ ಕತ್ತರಿಸಿದಳು. ಬೆನ್ನಿನಿಂದ ಮೂರು ಆನೆಯ ಮೈ, ತೋಳುಗಳಿಂದ ಸೊಂಡಿಲು ಮತ್ತು ಕಾಲು, ಎದೆಯ ಭಾಗದಿಂದ ಕುದುರೆಯ ಜೀನು, ಕರಡಿಗೊಂದು ಪುಟ್ಟ ತೋಳಿಲ್ಲದ ಕೋಟು. ಕತ್ತರಿ ಬೆಣ್ಣೆಯಲ್ಲಿ ಹೋದಂತೆ ಹೋಯಿತು.

ಶುಕ್ರವಾರ ಹದಿನೆಂಟು ಪ್ರಾಣಿಗಳನ್ನು ಶಿಶುವಿಹಾರದ ಕಪಾಟಿನಲ್ಲಿ ಸಾಲಾಗಿ ಕೂರಿಸಿದಾಗ ಟೀಚರ್ ಬಾಯಿಗೆ ಕೈ ಹಚ್ಚಿಕೊಂಡು ನಿಂತಳು. ಒಂದು ಹುಡುಗಿ ಓಡಿಬಂದು ನೀಲಿ ಆನೆಯೊಂದನ್ನು ಎಳೆದುಕೊಂಡು, ಅದರ ಕಿವಿಯಲ್ಲಿ ಏನೋ ಗುಟ್ಟು ಹೇಳಿದಳು. ಚಿಂದಿ ಅಕ್ಕ ಆ ದಿನ ಮನೆಗೆ ಬಂದು ಅತ್ತೆಯ ಮುಂದೆ ಅದನ್ನೇ ನಾಲ್ಕು ಸಲ ಹೇಳಿದಳು.

ಮಂಗಳವಾರ ಬೆಳಿಗ್ಗೆ, ಇನ್ನೂ ಎಂಟೂ ಆಗಿರಲಿಲ್ಲ, ಅಜ್ಜಿಯೊಬ್ಬರು ಬಾಗಿಲಲ್ಲಿ ನಿಂತಿದ್ದರು. ಓಡೋಡಿ ಬಂದವರಂತೆ ಏದುಸಿರು ಬಿಡುತ್ತಿದ್ದರು. ತಾನು ಟೀಚರ್‌ನ ಅತ್ತೆ ಎಂದು ಹೇಳಿಕೊಂಡರು.

"ನಮ್ಮ ಸೊಸೆ ಕೊಟ್ಟ ಚೀಲದಲ್ಲಿ ಒಂದು ನೀಲಿ ಕೋಟು ಬಂದಿತ್ತಾಮ್ಮ? ಎಡ ಭುಜ ಸವೆದಿರೋದು."

ಅತ್ತೆಯ ಬ್ಲೇಡು ನಿಂತಿತು. ಚಿಂದಿ ಅಕ್ಕ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟಳು.

"ಬಂದಿತ್ತು ಅಜ್ಜಿ. ನಾನು ಕತ್ತರಿಸಿಬಿಟ್ಟೆ."

ಅಜ್ಜಿಯ ಕಿವಿಗೆ ಅದು ಬಿದ್ದರೂ ತಲೆಗೆ ಇಳಿಯಲಿಲ್ಲ. "ಪರವಾಗಿಲ್ಲ, ಸ್ವಲ್ಪ ಹರಿದಿದ್ರೂ ನಡೆಯತ್ತೆ. ನಾನು ಹೊಲ್ಕೋತೀನಿ. ಕೊಟ್ಬಿಡು ತಾಯಿ, ಅವರು ಬಾಗಿಲ ಹತ್ರ ನಿಂತು ಕಾಯ್ತಾ ಇದಾರೆ."

ಒಳಗೆ ಕರೆದು ಕೂರಿಸಿ, ನೀರು ಕೊಟ್ಟ ಮೇಲೆ ವಿಷಯವೆಲ್ಲ ಒಂದೊಂದಾಗಿ ಹೊರಬಂತು. ಅಜ್ಜಿಯ ಗಂಡ ಮೂವತ್ತೆರಡು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಟಿಕೆಟ್ ಚೀಲದ ಪಟ್ಟಿ ಉಜ್ಜಿ ಉಜ್ಜಿ, ಖಾಕಿಯ ಮೇಲೆ ತೊಡುತ್ತಿದ್ದ ಆ ಕೋಟಿನ ಎಡ ಭುಜ ಸವೆದಿತ್ತು. ನಿವೃತ್ತಿಯಾಗಿ ಬಹಳ ಕಾಲವಾಗಿತ್ತು, ಆದರೆ ಎರಡು ವರ್ಷದಿಂದ ತಾತನಿಗೆ ನೆನಪು ಜಾರತೊಡಗಿ, ನಿವೃತ್ತಿಯಾದದ್ದೂ ಅದರ ಜೊತೆ ಜಾರಿಹೋಗಿತ್ತು. ದಿನಾ ಬೆಳಿಗ್ಗೆ ಗಡ್ಡ ಹೆರೆದು, ಕೋಟು ತೊಟ್ಟು, ಅಜ್ಜಿಯ ಜೊತೆ ಬೀದಿಯ ಕೊನೆಯ ಬಸ್ ನಿಲ್ದಾಣಕ್ಕೆ ಹೋಗುತ್ತಿದ್ದರು. ಎಂಟೂ ಹತ್ತರ ಬಸ್ಸು ಬಂದು ಹೋದರೆ ಗಡಿಯಾರ ನೋಡಿ, ಟೈಮಿಗೆ ಸರಿಯಾಗಿ ಹೊರಟಿತು ಎಂದು ಹೇಳಿ, ಡ್ಯೂಟಿ ಮುಗಿಸಿದವರ ಹಾಗೆ ಮನೆಗೆ ಮರಳುತ್ತಿದ್ದರು. ಆಮೇಲೆ ದಿನವಿಡೀ ಶಾಂತ. ಕಳೆದ ತಿಂಗಳು ಜ್ವರ ಬಂದು ಮೂರು ವಾರ ಹಾಸಿಗೆ ಹಿಡಿದರು. ಮಗ ಸೊಸೆ ಪ್ರೀತಿಯಿಂದ ಹೊಸ ಕೋಟು ತಂದಿದ್ದರು. ಸೊಸೆ ಕಪಾಟು ಒಪ್ಪ ಮಾಡುವಾಗ ಹಳೆಯದು ಇನ್ಯಾಕೆ ಎಂದು ಚೀಲಕ್ಕೆ ಹಾಕಿದ್ದಳು. ಜ್ವರ ಬಿಟ್ಟು ಆ ಬೆಳಿಗ್ಗೆ ಎದ್ದ ತಾತ ಹೊಸದನ್ನು ಪಕ್ಕಕ್ಕೆ ಸರಿಸಿ ಹಳೆಯದನ್ನೇ ಕೇಳಿದ್ದರು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ.

ಉಳಿದದ್ದನ್ನು ಚಿಂದಿ ಅಕ್ಕ ಮೇಜಿನ ಮೇಲಿಟ್ಟಳು. ಕಾಲರ್, ಒಂದು ಜೇಬಿನ ಮುಚ್ಚಳ, ಒಳಗಿನ ಲೈನಿಂಗ್, ನಾಲ್ಕು ಗುಂಡಿ. ಅಜ್ಜಿ ಗುಂಡಿಗಳನ್ನು ಬೆರಳಿನಿಂದ ಸರಿಸಿ ನೋಡಿದರು.

"ಒಂದು ಕಿತ್ತು ಬಂದಿತ್ತು. ಜ್ವರ ಬರೋಕೆ ಮುಂಚಿನ ದಿನ ನಾನೇ ಹಾಕಿದ್ದು."

ಅತ್ತೆ ಆ ಹೊತ್ತಿನಲ್ಲಿ ಸೊಸೆಯತ್ತ ನೋಡಲಿಲ್ಲ. ಬೈದಿದ್ದರೆ ಚಿಂದಿ ಅಕ್ಕನಿಗೆ ಎಷ್ಟೋ ಹಗುರಾಗುತ್ತಿತ್ತು.

ಅದೇ ಮಧ್ಯಾಹ್ನ ಅವಳು ಶಿಶುವಿಹಾರಕ್ಕೆ ಹೋದಳು. ಟೀಚರ್ ಆಗಲೇ ಅತ್ತು ಮುಖ ಊದಿಸಿಕೊಂಡಿದ್ದಳು. ಎಲ್ಲ ಆಟಿಕೆಗಳನ್ನೂ ವಾಪಸು ಕೊಡುತ್ತೇನೆ, ಬಿಚ್ಚಿ ಮತ್ತೆ ಕೋಟು ಮಾಡಿಕೊಡಿ ಅಕ್ಕ ಎಂದು ಕೈ ಹಿಡಿದುಕೊಂಡಳು. ಹೊಸ ಕೋಣೆಯಲ್ಲಿ ಚಾಪೆಗಳ ಮೇಲೆ ಮಕ್ಕಳು ಮಲಗಿದ್ದರು. ಮೂರು ನೀಲಿ ಆನೆಗಳೂ ಮೂರು ಕಂಕುಳುಗಳಲ್ಲಿ ಸಿಕ್ಕಿಕೊಂಡಿದ್ದವು. ಚಿಂದಿ ಅಕ್ಕ ಬಾಗಿಲಲ್ಲೇ ನಿಂತು ಮನಸ್ಸಿನಲ್ಲಿ ಲೆಕ್ಕ ಹಾಕಿದಳು. ಐವತ್ತಕ್ಕೂ ಹೆಚ್ಚು ತುಂಡು. ಎಲ್ಲವೂ ದುಂಡಗೆ, ಸೊಟ್ಟಗೆ ಕತ್ತರಿಸಿದವು. ಅಂಚು ಮಡಚಿ ಹೊಲಿಯಲು ಬೇಕಾದ ಅರ್ಧ ಅರ್ಧ ಅಂಗುಲ ಎಲ್ಲಿಂದ ತರುವುದು? ಎಲ್ಲವನ್ನೂ ಕೂಡಿಸಿದರೂ ಮಗುವಿನ ಕೋಟೂ ಆಗುವುದಿಲ್ಲ. ಹಳೆಯದನ್ನು ಹೊಸದು ಮಾಡುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಹೊಸದನ್ನು ಹಿಂದಕ್ಕೆ ತಿರುಗಿಸುವ ವಿದ್ಯೆಯನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

"ಬೇಡ ಟೀಚರ್," ಎಂದಳು. "ಅವುಗಳಿಂದ ಆಗೋದಿಲ್ಲ. ಮಕ್ಕಳು ಮಲಗಲಿ."

ಆಮೇಲೆ ಅವಳು ಹುಡುಕಾಟಕ್ಕೆ ಬಿದ್ದಳು. ಹಳೆಯ ಬಟ್ಟೆ ಮಾರುವ ಅಂಗಡಿಗಳ ರಾಶಿಗಳಲ್ಲಿ ಎರಡು ದಿನ ಕೈಯಾಡಿಸಿ, ಹೆಚ್ಚುಕಡಿಮೆ ಅದೇ ನೀಲಿಯ ಉಣ್ಣೆ ಕೋಟೊಂದನ್ನು ಹಿಡಿದು ತಂದಳು. ಅದರ ಕಾಲರ್ ತೆಗೆದು ತಾತನ ಕಾಲರ್ ಕೂರಿಸಿದಳು. ಜೇಬಿಗೆ ಆ ಮುಚ್ಚಳ, ಒಳಗೆ ಅದೇ ಲೈನಿಂಗ್, ಮುಂದೆ ಅವೇ ನಾಲ್ಕು ಗುಂಡಿ. ಅಜ್ಜಿ ನೆನಪಿನಿಂದ ಹೇಳಿದ ಅಳತೆಗೆ ತೋಳು ಕಿರಿದು ಮಾಡಿದಳು. ಗಂಡ ಮರಳು ಕಾಗದ ತಂದು ಎಡ ಭುಜವನ್ನು ಉಜ್ಜಿ ಸವೆಸಿದ. ಅತ್ತೆ ಅದನ್ನು ಎರಡು ದಿನ ಮೈಮೇಲೆ ಹಾಕಿಕೊಂಡೇ ಕೂತರು. "ಹೊಸ ಬಟ್ಟೆ ಮೈ ಮಾತು ಕೇಳಲ್ಲ. ಸ್ವಲ್ಪ ಪಳಗಲಿ" ಎಂದರು. ಬೀದಿಯಲ್ಲಿ ಹೋಗುವವರು ಕಿಟಕಿಯಿಂದ ಅವರನ್ನು ನೋಡಿ ನಕ್ಕರೆ, ಅತ್ತೆ ಟಿಕೆಟ್ ಕೇಳುವವರಂತೆ ಕೈ ಚಾಚುತ್ತಿದ್ದರು. ಸೊಸೆಯನ್ನು ನಗಿಸಲೆಂದೇ ಮಾಡಿದ್ದು. ಅವಳಿಗೆ ನಗು ಬರಲಿಲ್ಲ.

ಮರುವಾರದ ಶುಕ್ರವಾರ ಬೆಳಿಗ್ಗೆ ಕೋಟು ಹಿಡಿದು ಹೋದಳು. ತಾತ ಬಾಗಿಲ ಪಕ್ಕದ ಕುರ್ಚಿಯಲ್ಲಿ, ಗಡ್ಡ ಹೆರೆದು, ಬೂಟು ಹಾಕಿ ಸಿದ್ಧರಾಗಿ ಕೂತಿದ್ದರು. ಉದ್ದನೆಯ, ತೆಳ್ಳನೆಯ, ಸೌಮ್ಯ ಮುಖದ ಮನುಷ್ಯ. ಅಜ್ಜಿ ಕೋಟು ತೊಡಿಸಿದರು. ತಾತ ಎದ್ದು ನಿಂತು ಕಾಲರ್ ಮುಟ್ಟಿಕೊಂಡರು. ಅವರ ಮುಖ ಅರಳಿದ್ದು ಚಿಂದಿ ಅಕ್ಕನಿಗೆ ಕಂಡಿತು. ಎರಡು ಹೆಜ್ಜೆ ಹೊಸ್ತಿಲ ಕಡೆ ನಡೆದರು. ಅಷ್ಟರಲ್ಲಿ ಬಲಗೈ ತಾನಾಗಿ ಎಡ ಭುಜಕ್ಕೆ ಹೋಯಿತು, ಆಮೇಲೆ ಜೇಬಿನೊಳಕ್ಕೆ ಇಳಿಯಿತು. ಅಲ್ಲಿ ನಿಂತರು. ನಿಧಾನವಾಗಿ ಕೋಟು ಬಿಚ್ಚಿ, ನೀಟಾಗಿ ಮಡಚಿ ಅವಳ ಕೈಗಿಟ್ಟರು.

"ಇದು ಬೇರೆ ಯಾರದ್ದೋ ಕಣಮ್ಮ. ಅವರಿಗೂ ಡ್ಯೂಟಿ ಇರತ್ತೆ. ಬೇಗ ಕೊಟ್ಬಿಡು, ಪಾಪ ಹುಡುಕ್ತಾ ಇರ್ತಾರೆ."

ಜೇಬು ಆಳ ಸಾಲಲಿಲ್ಲವೇನೋ ಎಂದು ಅವಳು ಅದನ್ನು ಬಿಚ್ಚಿ ಎರಡು ಅಂಗುಲ ಇಳಿಸಿದಳು. ಸೋಮವಾರ ಮತ್ತೆ ಹೋದಳು. ತಾತ ಮತ್ತೆ ತೊಟ್ಟರು, ಮತ್ತೆ ಮಡಚಿ ಕೊಟ್ಟರು. ಭುಜದಲ್ಲಿ ಒಳಗಿನಿಂದ ಮೆತ್ತೆ ತೆಗೆದಳು. ಬುಧವಾರ ಮೂರನೆಯ ಸಲ ಹೋದಾಗ ಅವಳು ಸುಳ್ಳು ಹೇಳಿದಳು. ತಾತ, ಇದು ನಿಮ್ಮದೇ, ಒಗೆದಿದ್ದೀನಿ ಅಷ್ಟೇ, ಅದಕ್ಕೆ ಬೇರೆ ಥರ ಇದೆ ಎಂದಳು. ತಾತ ಅವಳನ್ನು ಬಹಳ ಹೊತ್ತು ನೋಡಿದರು. ಟಿಕೆಟ್ ಇಲ್ಲದೆ ಹತ್ತಿದವರನ್ನು ಬೈಯದೆ ಇಳಿಸುವ ಕಂಡಕ್ಟರ್ ಹೀಗೇ ನೋಡುತ್ತಿದ್ದಿರಬೇಕು.

"ನನ್ನದಾಗಿದ್ರೆ ಇಷ್ಟೊತ್ತಿಗೆ ನಾನು ಹೊರಟಿರ್ತಿದ್ದೆ, ಅಲ್ವಾ ಮಗಳೇ?"

ನಾಲ್ಕನೆಯ ಸಲ ಅವಳು ಹೋಗಲಿಲ್ಲ. ಏನು ಬದಲಿಸಬೇಕೆಂದು ಅವಳಿಗೂ ಗೊತ್ತಿರಲಿಲ್ಲ, ಅಜ್ಜಿಗೂ ಗೊತ್ತಿರಲಿಲ್ಲ, ಗೊತ್ತಿದ್ದ ಒಬ್ಬರಿಗೆ ಹೇಳಲು ಆಗುತ್ತಿರಲಿಲ್ಲ. ಕೋಟಿಲ್ಲದೆ ನಿಲ್ದಾಣಕ್ಕೆ ಕರೆದೊಯ್ಯಲು ಮಗ ಪ್ರಯತ್ನಿಸಿದ. ಯೂನಿಫಾರಂ ಇಲ್ಲದೆ ಹೇಗಪ್ಪಾ ಎಂದು ತಾತ ಹೊಸ್ತಿಲಲ್ಲೇ ನಿಂತರಂತೆ. ಹದಿನೈದು ದಿನ ಬೂಟು ಹಾಕಿ ಬಾಗಿಲ ಬಳಿ ಕೂತರು. ಆಮೇಲೆ ಬೂಟು ಬೇಡವೆಂದರು. ಆಮೇಲೆ ಗಡ್ಡ. ಒಂದು ದಿನ ಕೋಟಿನ ಮಾತೇ ನಿಂತುಹೋಯಿತು ಎಂದು ಅಜ್ಜಿ ಬೀದಿಯಲ್ಲಿ ಸಿಕ್ಕಾಗ ಹೇಳಿದರು. ಆ ಮಾತು ಕೇಳಿ ಚಿಂದಿ ಅಕ್ಕನಿಗೆ ಒಂದು ಕ್ಷಣ ಹಾಯೆನಿಸಿತು. ಮರುಕ್ಷಣ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ನಿನ್ನಿಂದೇನೂ ಆದದ್ದಲ್ಲ, ವಯಸ್ಸು, ಜ್ವರ, ಎಲ್ಲ ಸೇರಿ ಆದದ್ದು ಎಂದು ಅಜ್ಜಿ ಸಮಾಧಾನ ಹೇಳಿದ್ದರು. ಡಾಕ್ಟರೂ ಹಾಗೇ ಅಂದರಂತೆ. ಇರಬಹುದು. ಆದರೆ ಮೆಷಿನ್ನಿನ ಪಕ್ಕದಲ್ಲಿದ್ದ ಫೋನನ್ನು ಅಂದು ಎತ್ತಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಡಾಕ್ಟರ ಬಳಿ ಉತ್ತರವಿರಲಿಲ್ಲ. ಟೀಚರ್ ದಾರಿಯಲ್ಲಿ ಎದುರಾದರೆ ಇಬ್ಬರೂ ನಕ್ಕು, ಬೇರೆ ಬೇರೆ ಕಡೆ ನೋಡುತ್ತಾ ದಾಟಿಹೋಗುತ್ತಿದ್ದರು.

ಎರಡು ತಿಂಗಳ ಮೇಲೆ ಅಜ್ಜಿ ಅವಳನ್ನು ಮನೆಗೆ ಕರೆಸಿದರು. ತಾತ ಈಗ ಹಾಸಿಗೆಯಲ್ಲೇ. ತೋಳು ಎತ್ತಲಾರರು, ಅಂಗಿ ತೊಡಿಸುವಾಗ ನೋವಿನಿಂದ ನರಳುತ್ತಾರೆ. ಆಸ್ಪತ್ರೆಯ ನರ್ಸ್ ಒಂದು ಉಪಾಯ ಹೇಳಿದ್ದಳಂತೆ. ಅಂಗಿಗಳ ಬೆನ್ನನ್ನು ಮೇಲಿನಿಂದ ಕೆಳಗೆ ಸೀಳಿ, ಅಂಚಿಗೆ ಲಾಡಿ ಹೊಲಿದರೆ, ಮಲಗಿದಲ್ಲೇ ಮುಂದಿನಿಂದ ತೊಡಿಸಿ ಹಿಂದೆ ಕಟ್ಟಬಹುದು. ಅಜ್ಜಿ ತಾತನ ಆರು ಅಂಗಿಗಳನ್ನು ಒಗೆದು, ಇಸ್ತ್ರಿ ಮಾಡಿಸಿ ಇಟ್ಟಿದ್ದರು.

ಪಕ್ಕದ ಕೋಣೆಯಲ್ಲಿ ತಾತ ಮಲಗಿದ್ದರು. ಉಸಿರು ಕೇಳುತ್ತಿತ್ತು. ಚಿಂದಿ ಅಕ್ಕ ಮೊದಲನೆಯ ಅಂಗಿಯನ್ನು ಮೇಜಿನ ಮೇಲೆ ಬೋರಲು ಹಾಸಿ, ಬೆನ್ನಿನ ನಡುವೆ ಗೆರೆ ಎಳೆದಳು. ಕತ್ತರಿಯ ಬಾಯಿ ತೆರೆದು ಅಂಗಿಯ ಕಾಲರಿನ ಬಳಿ ಇಟ್ಟಳು. ಬೆರಳು ಮುಚ್ಚಲೊಲ್ಲವು.

"ಅಜ್ಜಿ, ಇನ್ನೊಂದ್ಸಲ ಯೋಚಿಸಿ. ಕತ್ತರಿಸಿದ್ಮೇಲೆ ನನ್ನ ಕೈಲಿ ಏನೂ ಇಲ್ಲ."

"ಯೋಚಿಸಿದ್ದೀನಮ್ಮ. ಇನ್ನು ಅವರು ಎದ್ದು ಅಂಗಿ ಹಾಕ್ಕೊಳೋದಿಲ್ಲ."

ಅಜ್ಜಿ ಎದುರಿಗೆ ಬಂದು, ಅಂಗಿಯ ಎರಡು ಬದಿಗಳನ್ನೂ ಎರಡು ಕೈಯಲ್ಲಿ ಬಿಗಿಯಾಗಿ ಎಳೆದು ಹಿಡಿದರು. ಬಟ್ಟೆ ಹಳೆಯದು, ಒಗೆದು ಒಗೆದು ಮೆತ್ತಗಾಗಿದ್ದದ್ದು. ಚಿಂದಿ ಅಕ್ಕ ಕತ್ತರಿ ಒತ್ತಿದಳು, ಅದು ಸದ್ದಿಲ್ಲದೆ ಸೀಳಿಕೊಂಡು ಹೋಯಿತು. ಅದು ಮುಗಿದ ಮೇಲೆ ಅಜ್ಜಿ ಎರಡನೆಯ ಅಂಗಿಯನ್ನು ಹಾಸಿದರು.